ಸ್ಟೆಪ್ನಿ ಮಾವನ ಎರವಲು ಚಕ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಿನ ಕೊನೆಯ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಅದರಡಿಯಿಂದ ಬಗ್ಗಿ ಹೊರಬಂದ ಮುದುಕರೊಬ್ಬರು ಒಂದು ಕೈಯಲ್ಲಿ ಸೊಂಟ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಚಕ್ರವೊಂದನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸುತ್ತಾರೆ. ಮತ್ತೆ ಒಳಗೆ, ಮತ್ತೊಂದು ಚಕ್ರ. ಗೋಡೆಯುದ್ದಕ್ಕೂ ಸಾಲು ಬೆಳೆದ ಮೇಲೆ ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಗಾಳಿ ಅಳೆಯುತ್ತಾರೆ. ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗೆ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತಾರೆ.

“ಸುಮ್ನೆ ಇಟ್ಟ ಟೈರು ಮುನಿಸ್ಕೊಂಡ ನೆಂಟನ ಥರ. ಮಾತಾಡಿಸ್ತಾ ಇರ್ಬೇಕು. ಇಲ್ಲಾಂದ್ರೆ ಬೇಕಾದಾಗ ಕೈ ಕೊಡತ್ತೆ,” ಎನ್ನುತ್ತಾರೆ, ನನ್ನ ಕಡೆ ನೋಡದೆ.

ಇವು ಮಾರುವ ಚಕ್ರಗಳಲ್ಲ, ಬಾಡಿಗೆಯವೂ ಅಲ್ಲ. ಗುಜರಿಗೆ ಹೋದ ಪಿಕಪ್ ಗಾಡಿಗಳಿಂದ ರಿಮ್ ಸಮೇತ ಬಿಚ್ಚಿ ತಂದು, ಟೈರು ಹಾಕಿ ಸಿದ್ಧಮಾಡಿದವು. ಮುಂದಿನ ದಾರಿಗೆ ಹೋಗುವವರಲ್ಲಿ ಯಾರ ಗಾಡಿಯಲ್ಲಿ ಸ್ಟೆಪ್ನಿ ಇಲ್ಲವೋ ಅವರಿಗೆ ಒಂದನ್ನು ಎರವಲು ಕೊಡುತ್ತಾರೆ. ದಾರಿಯ ಆಚೆ ತುದಿಯ ಪೆಟ್ರೋಲ್ ಬಂಕಿನಲ್ಲಿ ಇಳಿಸಿ ಹೋದರಾಯಿತು. ಅಲ್ಲಿಂದ ಈ ಕಡೆ ಬರುವ ಯಾವುದಾದರೂ ಲಾರಿಯಲ್ಲಿ ಅದು ವಾಪಸ್ ಬರುತ್ತದೆ. ಸುತ್ತಲಿನವರು ಇವರನ್ನು ಸ್ಟೆಪ್ನಿ ಮಾವ ಎನ್ನುವುದು ಇದೇ ಕಾರಣಕ್ಕೆ. ಅವರು ಕೊಡುವ ಕಾರಣ ಬೇರೆ: “ಮನೇಲಿ ಮೊದ್ಲಿಂದಾನೂ ನಾನೇ ಸ್ಟೆಪ್ನಿ. ಅಣ್ಣ ಓಡೋ ಚಕ್ರ. ಅವನು ಎಲ್ಲಾದ್ರೂ ನಿಂತ್ರೆ ಮಾತ್ರ ನನ್ನ ನೆನಪಾಗೋದು.”

ಅಂಗಡಿ ದಾಟಿದರೆ ರಸ್ತೆ ಕಲ್ಲುಬಯಲಿಗೆ ಇಳಿಯುತ್ತದೆ. ಬೆಳಿಗ್ಗೆ ಹೊರಟವರು ಆಚೆ ತುದಿ ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತದೆ. ನಡುವೆ ಮನೆಯಿಲ್ಲ, ಮರವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇತ್ತೀಚೆಗೆ ಈ ದಾರಿಗೆ ಪ್ರವಾಸಿಗರು ಹೆಚ್ಚಾಗಿದ್ದಾರೆ. ಪಿಕಪ್ ಗಾಡಿಯ ಬೆನ್ನ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿಯೆಲ್ಲ ಇರುವ ಪುಟ್ಟ ಮನೆಯನ್ನೇ ಕೂರಿಸಿಕೊಂಡು ಬರುತ್ತಾರೆ. ಕ್ಯಾಂಪರ್ ಎಂಬುದು ಅದರ ಹೆಸರು; ಇಲ್ಲಿನ ಬಾಯಲ್ಲಿ ಅದು ಆಮೆ. ಆಮೆಯ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ. ಭಾರ ಇಳಿಸಬೇಕೆಂದಾಗ ಜನ ಮೊದಲು ಬಿಟ್ಟುಬರುವುದು ಸ್ಟೆಪ್ನಿಯನ್ನೇ. ಅದು ಇರುವುದು ಗಾಡಿಯ ಹೊಟ್ಟೆಯಡಿ. ಮೇಲೆ ಮನೆ ಕೂತ ಮೇಲೆ ಅಲ್ಲಿಂದ ಹೊರಗೆಳೆಯುವುದೂ ಕಷ್ಟ.

“ಪಂಕ್ಚರ್ ಕಿಟ್ ಇದೆ ಅಂತಾರೆ. ಮೊಳೆ ಚುಚ್ಚಿದ್ರೆ ಸರಿ, ಅದು ಸಾಕು. ಟೈರಿನ ಪಕ್ಕೆ ಸೀಳಿದ್ರೆ? ಹರಿದ ಆಕಾಶಕ್ಕೆ ತೇಪೆ ಹಾಕಿದ ಹಾಗೆ,” ಎನ್ನುತ್ತಾರೆ ಮಾವ.

ಅವರ ಅಣ್ಣ ಬಿಟ್ಟುಹೋದ ಸ್ಟೆಪ್ನಿ ಈಗಲೂ ಅಂಗಡಿಯ ಒಳಗೋಡೆಗೆ ನೇತುಬಿದ್ದಿದೆ. ಅದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ.

ಅಣ್ಣ ಲಾರಿ ಓಡಿಸುತ್ತಿದ್ದವರು. ತಾಯಿಯಿಲ್ಲದ ಮನೆಗೆ ಅತ್ತಿಗೆ ಬಂದಾಗ ತಮ್ಮನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅತ್ತಿಗೆಯೇ ಉಣಿಸಿದರು, ಅತ್ತಿಗೆಯೇ ಅಂಗಿ ಹೊಲಿದರು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಮೂವರ ಸಂಸಾರ. ಅಣ್ಣ ಕೆಲಸ ಬಿಟ್ಟ ಮೇಲೆ ಹಳೆಯ ಪಿಕಪ್ಪೊಂದಕ್ಕೆ ತಾವೇ ಮರ, ತಗಡು ಸೇರಿಸಿ ಆಮೆ ಕಟ್ಟಿದರು. ಜೀವಮಾನವಿಡೀ ಒಬ್ಬರೇ ಓಡಾಡಿದ ದಾರಿಗಳನ್ನು ಹೆಂಡತಿಗೆ ತೋರಿಸಬೇಕೆಂಬುದು ಅವರ ಆಸೆ. ಮಕ್ಕಳಿಲ್ಲದ ಅತ್ತಿಗೆಗೆ ಹೊಲಿಗೆಯೇ ಪ್ರಾಣ. ಹೋದಲ್ಲಿ ಸುಮ್ಮನೆ ಕೂತರೆ ಹೊತ್ತು ಹೋಗುವುದಿಲ್ಲ, ಮೆಷಿನ್ ಬೇಕು ಎಂದರು. ಕಬ್ಬಿಣದ ಕಾಲಿನ, ಕಾಲಲ್ಲಿ ತುಳಿಯುವ ಹಳೆಯ ಮೆಷಿನ್ ಅದು. ಅದು ಹತ್ತಿತು, ಸ್ಟೆಪ್ನಿ ಇಳಿಯಿತು.

“ನಾನು ಬೇಡ ಅಂದೆ. ‘ಅರ್ಧ ದಿನದ ದಾರಿಗೆ ಎಷ್ಟು ಹೆದರ್ತೀಯೋ’ ಅಂದ. ದೊಡ್ಡವನು, ಮುಂದೆ ಮಾತಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡ್ಬಾರ್ದು ಅಂತಾರೆ. ಮತ್ತೆ ಯಾರ ಮೇಲೆ ಮಾಡ್ಲಿ?”

ಕಲ್ಲುಬಯಲಿನ ನಡುವೆ ಹಿಂದಿನ ಟೈರಿನ ಪಕ್ಕೆ ಸೀಳಿತು. ಚಳಿಗಾಲ, ಆ ದಿನ ಬೇರೆ ಗಾಡಿಯ ಸುಳಿವೇ ಇರಲಿಲ್ಲ. ಹೆಂಡತಿಯನ್ನು ಬೆಚ್ಚಗೆ ಒಳಗೆ ಕೂರಿಸಿ, ಯಾರಾದರೂ ಸಿಗುತ್ತಾರೆಂದು ಅಣ್ಣ ನಡೆದು ಹೊರಟರು. ಮರುದಿನ ಆ ಕಡೆಯಿಂದ ಬಂದ ಲಾರಿಯವರಿಗೆ ಅವರು ಸಿಕ್ಕಿದ್ದು ರಸ್ತೆ ಬದಿಯ ಬಂಡೆಗೆ ಒರಗಿ ಕೂತ ಭಂಗಿಯಲ್ಲಿ. ಮೈ ಮರಗಟ್ಟಿತ್ತು.

ಬಂಕಿನವರು ಗಾಡಿಯನ್ನು ತಮ್ಮ ತುದಿಗೆ ಎಳೆದುಕೊಂಡು ಹೋದರು. ಮಣ್ಣೂ ಅಲ್ಲೇ ಆಯಿತು. ಅತ್ತಿಗೆ ಅಲ್ಲಿಂದ ಮರಳಲಿಲ್ಲ. ಯಾಕೆ ಎಂದು ಕೇಳಿದರೆ ಮಾವ ಸ್ಪ್ಯಾನರಿನ ತುದಿಯಿಂದ ಉಗುರಿನ ಮಸಿ ಕೆರೆಯುತ್ತಾರೆ. “ಆ ಕಡೆ ಹೋಗ್ತೀರಲ್ಲ, ಅವರನ್ನೇ ಕೇಳಿ,” ಎಂದಷ್ಟೇ ಹೇಳಿ ನನ್ನ ಗಾಡಿಯಲ್ಲೂ ಒಂದು ಚಕ್ರ ಇಡುತ್ತಾರೆ. ನನ್ನಲ್ಲಿ ಸ್ಟೆಪ್ನಿ ಇದೆ ಎಂದರೂ ಬಿಡುವುದಿಲ್ಲ. “ಇರ್ಲಿ. ಬೇರೆಯವರಿಗೆ ಬೇಕಾಗಬಹುದು.”

ಬಂಕಿನ ಹಿಂದೆ ಆಮೆ ಇದೆ. ಹೊತ್ತ ಗಾಡಿ ಯಾವತ್ತೋ ಹೋಯಿತು. ಮನೆ ಮಾತ್ರ ತನ್ನ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಕಿಟಕಿಯ ಕೆಳಗೆ ಹೊಲಿಗೆ ಮೆಷಿನ್. ಅತ್ತಿಗೆ ಲಾರಿಯವರ ಸೀಟು ಕವರ್ ಹೊಲಿದು ಬದುಕುತ್ತಿದ್ದಾರೆ. ನಾನು ತಂದ ಚಕ್ರವನ್ನು ನೋಡಿ ಎದ್ದು ಬಂದು, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಹಳೆ ಟಾರ್ಪಾಲಿನಿಂದ ಹೊಲಿದ ಚೀಲವೊಂದನ್ನು ತೊಡಿಸುತ್ತಾರೆ. ಇಲ್ಲಿಂದ ಹೋಗುವ ಎಲ್ಲ ಚಕ್ರಗಳೂ ಹೀಗೆ ಅಂಗಿ ತೊಟ್ಟೇ ಹೋಗುತ್ತವೆ. ಬಿಸಿಲಿಗೆ ರಬ್ಬರು ಬಿರಿಯಬಾರದಲ್ಲ ಎನ್ನುತ್ತಾರೆ.

“ಮೈದುನ ಬಂದಿದ್ದ ಆವತ್ತು. ಅಣ್ಣನ ಮುಖ ನೋಡಿದ. ಆಮೇಲೆ ಒಳಗೆ ಬಂದು ಮೆಷಿನ್ ನೋಡಿದ. ‘ಇದು ಬೇಕಿತ್ತಾ ಅತ್ತಿಗೆ?’ ಅಂದ. ಅಷ್ಟೇ. ಬೈಲಿಲ್ಲ, ಕೂಗ್ಲಿಲ್ಲ. ತಪ್ಪೇನೂ ಕೇಳ್ಲಿಲ್ಲ ಅವನು. ನಾನೂ ಅದನ್ನೇ ಕೇಳ್ಕೊಳ್ತಾ ಇದ್ದೆ.” ಸೂಜಿಗೆ ದಾರ ಪೋಣಿಸುತ್ತಾರೆ. “ಬೈದಿದ್ರೆ ಅತ್ತು ವಾಪಸ್ ಹೋಗ್ತಿದ್ದೆನೇನೋ.”

ಎರಡು ಚಳಿಗಾಲ ಸುದ್ದಿಯಿಲ್ಲದೆ ಕಳೆದಿತ್ತಂತೆ. ಒಂದು ದಿನ ಪ್ರವಾಸಿಗರೊಬ್ಬರು ಚಕ್ರ ಇಳಿಸಿ, “ಆಚೆ ತುದಿಯ ಅಂಗಡಿಯವರು ಕೊಟ್ಟರು, ಇಲ್ಲಿರುವ ಅಮ್ಮ ವಾಪಸ್ ಕಳಿಸ್ತಾರೆ ಅಂದ್ರು,” ಎಂದು ಹೇಳಿ ಹೋದರು. ಕೇಳದೆಯೇ ಕೆಲಸ ಒಪ್ಪಿಸಿದ್ದ ಮೈದುನ. ಅತ್ತಿಗೆ ಮಾತಿಲ್ಲದೆ ಒಪ್ಪಿಕೊಂಡರು. ಅಂದಿನಿಂದ ಈ ದಾರಿಯಲ್ಲಿ ಚಕ್ರವಿಲ್ಲದೆ ಸಿಕ್ಕಿಬಿದ್ದು ಜೀವ ಕಳೆದುಕೊಂಡವರಿಲ್ಲ ಎಂದು ಬಂಕಿನವರು ಹೇಳುತ್ತಾರೆ. ಎಷ್ಟೋ ಚಕ್ರಗಳು ಹೋದವು ಬರಲಿಲ್ಲ, ಅದೂ ನಿಜ. ಆದರೆ ಅತ್ತಿಗೆ–ಮೈದುನರ ನಡುವೆ ಇಷ್ಟು ವರ್ಷಗಳಲ್ಲಿ ಹೋಗಿಬಂದದ್ದು ರಬ್ಬರು ಮತ್ತು ಟಾರ್ಪಾಲು ಮಾತ್ರ.

ಮನೆಗೆ ಹೋಗುವ ಮನಸ್ಸಿಲ್ಲವೇ ಎಂದು ಕೇಳುತ್ತೇನೆ. “ಕರೆದ್ರೆ ಹೋಗ್ತೀನಿ,” ಎನ್ನುತ್ತಾರೆ. ಮೆಷಿನ್ ಮತ್ತೆ ಓಡತೊಡಗುತ್ತದೆ.

ಮರಳಿ ಬಂದು ಈ ಮಾತನ್ನು ಮಾವನಿಗೆ ಮುಟ್ಟಿಸುತ್ತೇನೆ. ಅವರು ನಾನು ವಾಪಸ್ ತಂದ ಚಕ್ರದ ಚೀಲದ ದಾರ ಬಿಚ್ಚತೊಡಗುತ್ತಾರೆ. ಅಂಗಡಿಯ ಹಿಂದಿನ ಕೋಣೆಗಳಲ್ಲಿ ಒಂದರ ಬಾಗಿಲು ಮುಚ್ಚಿದೆ. ಹೊಸ್ತಿಲು ಮಾತ್ರ ಗುಡಿಸಿ ಒರೆಸಿದಂತಿದೆ.

“ಮನೆ ಅವರದ್ದೇ. ನಾನೇ ಇಲ್ಲಿ ಅವರ ಕೈಯಲ್ಲಿ ಬೆಳೆದೋನು. ಅವರ ಮನೆಗೆ ಅವರನ್ನ ನಾನು ಯಾವ ಬಾಯಲ್ಲಿ ಕರೀಲಿ?”

ಕರೆಯಲಿ ಎಂದು ಆ ತುದಿಯಲ್ಲಿ ಅತ್ತಿಗೆ, ಬಂದರೆ ಸಾಕು ಎಂದು ಈ ತುದಿಯಲ್ಲಿ ಮೈದುನ. ನಡುವೆ ಕಲ್ಲುಬಯಲು. ಮಾವನ ಸೊಂಟ ಈಗ ಒಂದೊಂದು ಚಕ್ರಕ್ಕೂ ಕೂಗುತ್ತದೆ. ಇನ್ನೆಷ್ಟು ದಿನ ಎತ್ತಬಲ್ಲೆನೋ ಗೊತ್ತಿಲ್ಲ ಎಂದು ಅವರೇ ಹೇಳುತ್ತಾರೆ. ಅಂಗಡಿ ವಹಿಸಿಕೊಳ್ಳುವವರೂ ಇಲ್ಲ.

ಹೊರಡುವ ಮುನ್ನ, ನಿಮಗೊಂದು ಆಸೆ ಅಂತ ಇದ್ದರೆ ಏನು ಎಂದು ಕೇಳುತ್ತೇನೆ. ಅತ್ತಿಗೆಯ ಹೆಸರು ಬರಬಹುದೆಂದು ಕಾಯುತ್ತೇನೆ. ಅವರು ಚೀಲ ತೆಗೆದ ಚಕ್ರದ ಮೇಲೆ ಅಂಗೈಯಾಡಿಸಿ, ಟೈರಿನ ಹಲ್ಲುಗಳ ನಡುವೆ ಕಲ್ಲು ಸಿಕ್ಕಿದೆಯೇ ಎಂದು ತಡಕುತ್ತಾರೆ. ಒಂದೂ ಸಿಗುವುದಿಲ್ಲ.

“ಇಲ್ಲಿಂದ ಹೋದದ್ದೆಲ್ಲ ಹೀಗೇ ನೆಲ ಮುಟ್ಟದೆ ವಾಪಸ್ ಬರ್ಲಿ. ಯಾಕೆ ಕೊಟ್ಟ ಈ ಮುದುಕ, ಸುಮ್ನೆ ಭಾರ ಅಂತ ಬೈಕೊಂಡೇ ಇಳಿಸ್ಲಿ. ಪರವಾಗಿಲ್ಲ.”