ಓರ್ಲಿಯನ್ನು ಯಾರೂ ಕೇಳಲಿಲ್ಲ

ಹಿಲರಿ ಪ್ರೆಸ್ಮನ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಂಗ್ಲೆಂಡಿನ ಲೀಡ್ಸ್ ಊರಿನ ಮೂರ್‌ಟೌನ್ ಬಡಾವಣೆಯ ಯಹೂದಿ ಮನೆಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳು ಊರ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಡನಿಲ್ಲ, ಮಕ್ಕಳಿಲ್ಲ. ಅದಕ್ಕೆ ಯಾರಾದರೂ ಮರುಗಿದರೆ ಅದಕ್ಕೂ ಸಿಟ್ಟು. "ನಂಗ್ಯಾಕ್ರೀ ಬೇರೆ ಮಕ್ಳು? ಭಾನುವಾರ ಬಂತಂದ್ರೆ ಒಂದು ದಂಡೇ ನನ್ ತಲೆ ತಿನ್ನುತ್ತೆ" ಅನ್ನುತ್ತಿದ್ದಳು.

ಆ ದಂಡು 'ಅಲುಮಾ' ಸಂಘದ್ದು. ಅಲುಮಾ ಎಂದರೆ ಹೀಬ್ರೂ ಭಾಷೆಯಲ್ಲಿ ಸಿವುಡು, ತೆನೆಗಳ ಕಟ್ಟು. ಒಂಟಿ ತೆನೆ ಗಾಳಿಗೆ ಬಾಗುತ್ತದೆ, ಕಟ್ಟಿದ ಸಿವುಡು ನಿಲ್ಲುತ್ತದೆ ಎಂದು ಹಿರಿಯರು ಇಟ್ಟ ಹೆಸರು. ಹದಿಹರೆಯದವರೇ ನಡೆಸುವ ಸಂಘವದು. ಚಾವಣಿ ಸೋರಿದರೆ ರಿಪೇರಿ ಮಾಡಿಸಲು, ಶಿಬಿರಕ್ಕೆ ಬಸ್ಸು ಓಡಿಸಲು ಮಾತ್ರ ದೊಡ್ಡವರು ಬೇಕು. ಮಕ್ಕಳು ವೃತ್ತವಾಗಿ ಕೂತು ನಡೆಸುವ ಸಭೆಯಲ್ಲಿ ಅವರು ಬಾಯಿ ತೆರೆಯುವಂತಿಲ್ಲ. ಮನೆಯಿಂದ ಯಾರು ಏನು ತಿಂಡಿ ತಂದರೂ ಒಂದೇ ಡಬ್ಬಿಗೆ ಹಾಕಿ ಸಮನಾಗಿ ಹಂಚಬೇಕು. ತೀರ್ಮಾನವೆಂದರೆ ಕೈ ಎತ್ತುವುದು. ಚಿಕ್ಕ ಹುಡುಗಿಯ ಕೈಗೂ ನಾಯಕನ ಕೈಗೂ ಒಂದೇ ತೂಕ. ಲೋಕ ಎಲ್ಲೆಲ್ಲಿ ಮುರಿದಿದೆಯೋ ಅಲ್ಲೆಲ್ಲ ಸರಿಪಡಿಸುವುದು ನಿಮ್ಮ ಕೆಲಸ, ಯಾರನ್ನೂ ಹೊರಗೆ ಬಿಡಬಾರದು ಎಂದು ಅಲ್ಲಿ ಕಲಿಯುತ್ತಾರೆ. ಹಿಲರಿಯೂ ಅಲ್ಲೇ ಬೆಳೆದವಳು, ಈಗ ಸಂಘದ ಬಸ್ಸು ಓಡಿಸುವವಳು.

ಅವಳ ತಮ್ಮ ಲೆಸ್ಲಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಅವನಿಗೆ ಮೂರ್ಛೆ ರೋಗ. ಜನ ಏನಂದಾರು ಎಂದು ತಾಯಿ ಅವನನ್ನು ಮನೆಯಲ್ಲೇ ಇಟ್ಟಳು. ಅಕ್ಕ ಶಿಬಿರಕ್ಕೆ ಹೊರಟಾಗ ಕಿಟಕಿಯಿಂದ ಕೈ ಬೀಸುತ್ತಿದ್ದ. ಹರೆಯದಲ್ಲೇ ತೀರಿಕೊಂಡ. ಕಾಯಿಲೆಗಿಂತ ಹೆಚ್ಚಾಗಿ ಆ ಮುಚ್ಚಿದ ಮನೆಯೇ ಅವನನ್ನು ತಿಂದಿತು ಎಂದು ಹಿಲರಿ ಇವತ್ತಿಗೂ ನಂಬಿದ್ದಾಳೆ.

ಹೋದ ವರ್ಷ ವಸಂತದ ಒಂದು ಭಾನುವಾರ, ಆಟದ ನಡುವೆ ಓರ್ಲಿ ಬರ್ವಿನ್ ಎಂಬ ಹದಿನಾಲ್ಕರ ಹುಡುಗಿ ದೊಪ್ಪನೆ ಬಿದ್ದು ಕೈಕಾಲು ಸೆಟೆದುಕೊಂಡಳು. ಅವಳಿಗೂ ಮೂರ್ಛೆ ರೋಗ. ಸ್ವಲ್ಪ ಹೊತ್ತಿಗೆ ಎದ್ದು ಕೂತು, "ನನ್ ಬಿಸ್ಕತ್ ತಿಂದೋರು ಯಾರು?" ಅಂದಳು. ಮಕ್ಕಳು ನಕ್ಕರು. ಸುದ್ದಿ ಕೇಳಿದ ದೊಡ್ಡವರು ನಗಲಿಲ್ಲ. ಪಾಲಕರ ಸಮಿತಿ ಗಡಿಬಿಡಿಯಲ್ಲಿ ಸೇರಿ, ಬೇಸಿಗೆ ಶಿಬಿರಕ್ಕೆ ಓರ್ಲಿ ಬರುವುದು ಬೇಡ ಎಂದು ತೀರ್ಮಾನಿಸಿತು.

ಸಮಿತಿಯ ಅಧ್ಯಕ್ಷ ಹೋವರ್ಡ್ ಮಿಂಡೆಲ್ ಹಲ್ಲಿನ ಡಾಕ್ಟರು. ಹಿಲರಿಯ ಜೊತೆಗೇ ಅಲುಮಾದಲ್ಲಿ ಬೆಳೆದವನು. ಶುಕ್ರವಾರ ಬೆಳಿಗ್ಗೆ ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಜಡೆಯಂತೆ ಹೆಣೆದ ಬ್ರೆಡ್ಡಿಗಾಗಿ ಬೇಕರಿಯ ಸಾಲಿನಲ್ಲಿ ನಿಂತಿದ್ದವನನ್ನು ಹಿಲರಿ ಅಲ್ಲೇ ಹಿಡಿದಳು.

"ಏನೋ ಹೋವರ್ಡ್, ಆ ಹುಡುಗೀನ ಮನೇಲಿ ಕೂರಿಸ್ತೀಯಂತೆ?"

"ಮೆಲ್ಲಗೆ ಮಾತಾಡೇ ಮಾರಾಯ್ತಿ, ಜನ ಇದಾರೆ."

"ಇರ್ಲಿ, ಕೇಳಿಸ್ಕೊಳ್ಲಿ."

"ಅವಳ ಒಳ್ಳೇದಕ್ಕೇ ಕಣೇ. ಬೆಟ್ಟ, ಕೆರೆ... ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ವಿಮೆಯವ್ರು ಬೇರೆ ಒಪ್ಪಲ್ಲ."

"ಅವ್ರನ್ನ ಕೇಳಿದ್ಯಾ?"

ಹೋವರ್ಡ್ ಬ್ರೆಡ್ಡಿನ ಕಡೆ ನೋಡಿದ. ಕೇಳಿರಲಿಲ್ಲ.

"ಯಾರನ್ನೂ ಹೊರಗೆ ಬಿಡಲ್ಲ ಅಂತ ನನ್ ಪಕ್ಕದಲ್ಲೇ ಕೂತು ಕಿರುಚ್ತಿದ್ದೆ. ಊರವರ ಹಲ್ಲು ಕೀಳ್ತಾ ಕೀಳ್ತಾ ನಿನ್ ನಾಲಿಗೇನೂ ಕಿತ್ಕೊಂಡ್ಯಾ?"

ಬೇಕರಿಯ ಮುದುಕಿ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಹೋವರ್ಡ್ ಬ್ರೆಡ್ಡು ಕಂಕುಳಲ್ಲಿ ಅವುಚಿಕೊಂಡು ಹೊರಟುಹೋದ. ತೀರ್ಮಾನ ಬದಲಾಗಲಿಲ್ಲ.

ಹಿಲರಿಯ ಒಳಗೆ ಬೆಂಕಿ ಉರಿಯುತ್ತಲೇ ಇತ್ತು. ಭಾನುವಾರ ಮಕ್ಕಳ ವೃತ್ತದ ನಡುವೆ ನುಗ್ಗಿ, "ಓರ್ಲಿ ಇಲ್ದೆ ನನ್ ಬಸ್ಸು ಹೊರಡಲ್ಲ! ಈ ಮಗೂನ ಮನೇಲಿ ಕೊಳೆಯೋಕೆ ನಾನು ಬಿಡಲ್ಲ!" ಎಂದು ಕೂಗಾಡಿದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಓರ್ಲಿ ತಟ್ಟಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಎದ್ದು ನಿಂತಳು.

"ಮುಗೀತಾ? ಸಮಿತಿಯವ್ರು ನನ್ನ ಒಂದ್ ಮಾತೂ ಕೇಳ್ಲಿಲ್ಲ. ನೀವು ಕೇಳಿದ್ರಾ ಹಿಲರಿ? ಒಬ್ರು ಇಳಿಸ್ತಾರೆ, ಒಬ್ರು ಹತ್ತಿಸ್ತಾರೆ. ನಾನೇನು ನಿಮ್ ಬಸ್ಸಿನ ಲಗೇಜಾ?"

ಸಂಘದ ನಾಯಕ ಎಫ್ರೆಮ್, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ತನ್ನ ಬೂಟು ನೋಡುತ್ತ ಹೇಳಿದ: "ದೊಡ್ಡೋರು ಇಲ್ಲಿ ಮಾತಾಡೋ ಹಾಗಿಲ್ಲ. ನಿಮ್ಗೂ ಗೊತ್ತು."

ಹಿಲರಿ ಹೊರಗೆ ಹೋಗಿ ಬಸ್ಸಿನಲ್ಲಿ ಕೂತಳು. ಹುಡುಗಿಯ ಮೇಲೆ ಸಿಟ್ಟು ಬಂತು. ಅದು ನಿಲ್ಲಲಿಲ್ಲ, ತಿರುಗಿ ತನ್ನ ಮೇಲೆಯೇ ಬಂತು. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಒಳಗೆ ಓರ್ಲಿ ನೆಲದ ಮೇಲೆ ಮಲಗಿ ಎಲ್ಲರಿಗೂ ಪಾಠ ಮಾಡಿದಳಂತೆ: ಪಕ್ಕಕ್ಕೆ ಹೊರಳಿಸಿ, ತಲೆ ಕೆಳಗೆ ಮೆತ್ತಗಿರೋದು ಇಡಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ, ಹೆಚ್ಚು ಹೊತ್ತಾದರೆ ಆಂಬುಲೆನ್ಸ್ ಕರೀರಿ, ಅಳಬೇಡಿ. ಆಮೇಲೆ ಕೈ ಎತ್ತಿದರು. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ. ಒಂದು ಕೈಯೂ ಕೆಳಗಿರಲಿಲ್ಲ.

ಮಕ್ಕಳು ತಂತಮ್ಮ ಮನೆಗಳಲ್ಲಿ ಹಟ ಹಿಡಿದು ಕೂತರು. ಊಟದ ಮೇಜುಗಳಲ್ಲಿ ಜಗಳವಾಯಿತು. ಎರಡು ಮನೆಯವರು ಮಕ್ಕಳನ್ನು ಸಂಘದಿಂದಲೇ ಬಿಡಿಸಿಕೊಂಡರು. ಉಳಿದ ಮನೆಗಳ ಕಾಟ ತಡೆಯಲಾರದೆ ಕೊನೆಗೆ ಸಮಿತಿಯವರು ವಿಮೆಯವರಿಗೆ ಫೋನು ಮಾಡಿದರೆ, ಡಾಕ್ಟರ ಒಪ್ಪಿಗೆ ಇದ್ದರೆ ಅಡ್ಡಿಯೇ ಇಲ್ಲ ಎಂಬ ಉತ್ತರ ಬಂತು. ಇಷ್ಟಕ್ಕೆ ಒಂದು ಹುಡುಗಿಯನ್ನು ವಾರಗಟ್ಟಲೆ ಕಾಡಿದ್ದರು!

ಓರ್ಲಿ ಶಿಬಿರಕ್ಕೆ ಹೋದಳು. ವೇಲ್ಸ್‌ನ ಬೆಟ್ಟದಡಿಯಲ್ಲಿ ಒಂದು ಮಧ್ಯಾಹ್ನ, ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಾಗ ಬಿದ್ದಳು. ಪಕ್ಕದವರು ಕಲಿತಂತೆ ಹೊರಳಿಸಿದರು, ತಲೆಗೆ ಸ್ವೆಟರ್ ಇಟ್ಟರು, ಅವಳ ಪಾಲಿನ ಆಲೂಗಡ್ಡೆ ತಾವೇ ಸುಲಿದರು. ಹಿಲರಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೋಡಿದಳು. ಅವಳ ಬಳಿಗೆ ಓಡಲು ಕಾಲು ತುಡಿಯುತ್ತಿತ್ತು. ಹೋಗಲಿಲ್ಲ.

ಅಷ್ಟಕ್ಕೇ ಮುಗಿಯಿತೆಂದುಕೊಂಡರೆ, ಶರತ್ಕಾಲದಲ್ಲಿ ದಾನಿಗಳಿಗೆ ಹಂಚಲು ಸಮಿತಿ ಬಣ್ಣದ ಕರಪತ್ರ ಅಚ್ಚು ಹಾಕಿಸಿತು. ಮುಖಪುಟದ ತುಂಬ ಓರ್ಲಿಯ ನಗುಮುಖ. ಕೆಳಗೆ, 'ನಮ್ಮಲ್ಲಿ ಯಾರೂ ಹೊರಗಿಲ್ಲ.' ಒಂದು ಪ್ರತಿ ಹಿಲರಿಯ ಕೈಗೂ ಸಿಕ್ಕಿತು. ನಾಚಿಕೆ ಎಂಬುದನ್ನು ಇವರು ಎಲ್ಲಿ ಅಡವಿಟ್ಟರು? ಆದರೆ ಈ ಸಲ ಹೋವರ್ಡನ ಮನೆಗೆ ನುಗ್ಗಲಿಲ್ಲ. ಓರ್ಲಿಗೆ ಫೋನು ಮಾಡಿದಳು.

"ನಿನ್ನ ಕೇಳಿದ್ರಾ ಮರಿ?"

"ಇಲ್ಲ. ಅಮ್ಮನ್ನೂ ಕೇಳ್ಲಿಲ್ಲ."

"ಏನ್ ಮಾಡೋಣ ಹೇಳು."

"ನೀವು ಗಾಡಿ ಓಡ್ಸಿ. ಮಾತು ನಂದು."

ಹೋವರ್ಡನ ದವಾಖಾನೆಯಲ್ಲಿ ಜನ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದರು. ಅವನು ಮಾಸ್ಕನ್ನು ಗದ್ದಕ್ಕಿಳಿಸಿಕೊಂಡು ಹೊರಬಂದು, "ಫೋಟೋ ಚೆನ್ನಾಗಿ ಬಂದಿದೆ, ಅಲ್ವಾ ಪುಟ್ಟಾ?" ಅಂದ.

"ಚೆನ್ನಾಗಿದೆ ಅಂಕಲ್. ವಸಂತದಲ್ಲಿ ಈ ಮುಖ ಯಾಕೆ ಬೇಡವಾಗಿತ್ತು ಅಂತ ಕೆಳಗೆ ಒಂದು ಸಾಲು ಸೇರಿಸಿ. ಆಮೇಲೆ ಎಷ್ಟು ಬೇಕಾದ್ರೂ ಹಂಚಿ."

ಕೆನ್ನೆ ಹಿಡಿದವರೆಲ್ಲ ತಲೆ ಎತ್ತಿದರು. ಹೋವರ್ಡ್ ಹಿಲರಿಯ ಕಡೆ ನೋಡಿದ. ಅವಳು ತುಟಿ ಬಿಗಿದು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದಳು. ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

ಕರಪತ್ರಗಳು ದಾನಿಗಳ ಕೈ ಸೇರಲಿಲ್ಲ. ಹೋವರ್ಡ್ ಕ್ಷಮೆ ಕೇಳಲೂ ಇಲ್ಲ. ಇವತ್ತಿಗೂ ಅವನೇ ಅಧ್ಯಕ್ಷ. ಆವತ್ತು ಕಾರು ಹತ್ತಿದೊಡನೆ ಹಿಲರಿ ತಡೆಹಿಡಿದಿದ್ದನ್ನೆಲ್ಲ ಒಂದೂ ಬಿಡದೆ ಬೈದು ಸುರಿದಳು. ಓರ್ಲಿ ಸುಮ್ಮನೆ ಕಾರಿನ ಗಾಜು ಏರಿಸಿ, "ಈಗ ಇನ್ನೂ ಜೋರಾಗಿ ಬೈರಿ, ಹೊರಗೆ ಕೇಳಿಸಲ್ಲ" ಅಂದಳು.