ನರ್ಸಮ್ಮನ ತುರುಬಿಗೆ ಕಣ್ಣು

ಟಕಟಕ, ಟಕಟಕ. ಸ್ಪ್ರೇ ಡಬ್ಬಿಯೊಳಗಿನ ಗೋಲಿ ಸದ್ದು ಮಾಡಿತೆಂದರೆ ಡ್ರೈವರಿಗೆ ರಜೆ ಎಂದು ಕೆಳಗಿನ ಮನೆಯವರಿಗೂ ಗೊತ್ತು. ವಾರವಿಡೀ ಬಸ್ಸು, ರಜೆಯ ದಿನ ಬಾಲ್ಕನಿಯಲ್ಲಿ ಹೆಬ್ಬೆರಳುದ್ದದ ಬೊಂಬೆಗಳಿಗೆ ಬಣ್ಣ ಬಳಿಯುವುದು.

ಮೊದಲಿನಿಂದಲೂ ಅವನು ಕರಿ ಪ್ರೈಮರನ್ನೇ ನಂಬಿದವನು. ಬೊಂಬೆಯ ಮೈಗೆಲ್ಲ ಮೊದಲು ಕಪ್ಪು ಕೊಟ್ಟರೆ, ಕುಂಚ ತಲುಪದ ಮಡಿಕೆಗಳಲ್ಲಿ ನೆರಳು ತಾನಾಗಿ ಉಳಿಯುತ್ತದೆ. ಬಿಳಿ ಕೊಡುವವರನ್ನು ಕಂಡರೆ ‘ಸುಣ್ಣ ಹೊಡೆಯೋರು’ ಎಂದು ನಗುತ್ತಿದ್ದ. ಕಳೆದ ಮಳೆಗಾಲದಲ್ಲಿ ಬೂದು ಬಣ್ಣಕ್ಕೆ ಇಳಿದ. ಇವತ್ತು ಅವನ ಕೈಯಲ್ಲಿ ಬಿಳಿ ಡಬ್ಬಿ.

ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಬಟ್ಟೆ ಒಣಹಾಕಲು ಬಂದಳು.

“ಏನೋ, ನೀನೂ ಸುಣ್ಣ ಹೊಡೆಯೋಕೆ ಶುರು ಮಾಡಿದ್ಯಾ?”

“ಬಿಳಿ ಮೇಲೆ ಹಳದಿ ಚೆನ್ನಾಗಿ ಹೊಳೆಯುತ್ತೆ ಕಣಕ್ಕಾ.”

“ಹೊಳೆಯುತ್ತೆ, ಹೊಳೆಯುತ್ತೆ.” ಹಣೆಗೇರಿಸಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಹಿಂದಿನ ವಾರ ಹಟಕ್ಕೆ ಬಿದ್ದು ಮತ್ತೆ ಕರಿಯ ಮೇಲೆ ಬಣ್ಣ ಬಳಿದಿದ್ದ ನರ್ಸ್ ಬೊಂಬೆಯನ್ನು ಎತ್ತಿಕೊಂಡಳು. “ಅಯ್ಯೋ, ಈ ನರ್ಸಮ್ಮನ ತುರುಬಿಗೆ ಯಾಕೋ ಕಣ್ಣು ಬರೆದಿದ್ದೀಯ?”

ಅವನು ಬೊಂಬೆಯನ್ನು ಹತ್ತಿರ ತಂದ, ಕೈ ಚಾಚಿ ದೂರ ಹಿಡಿದ. ಮಸುಕು. ಕಪ್ಪು ಬಳಿದ ತಲೆಯಲ್ಲಿ ಹಿಂದು ಯಾವುದು, ಮುಂದು ಯಾವುದು ಎಂದೇ ಅವನಿಗೆ ತಿಳಿದಿರಲಿಲ್ಲ. ಮುಖದ ಬಣ್ಣ ಇಳಿಯಿತು.

“ಕಣ್ಣಿನ ವಿಷ್ಯ ಡಿಪೋದಲ್ಲಿ ಗೊತ್ತಾದ್ರೆ ಸ್ಟೇರಿಂಗ್ ಕಿತ್ಕೋತಾರೆ ಅಕ್ಕಾ.” ತಿಂಗಳುಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು.

ಅಕ್ಕ ನಗಲಿಲ್ಲ. ಬೀದಿಯ ಕೊನೆಗೆ ಬೆರಳು ತೋರಿಸಿದಳು. “ಅಲ್ಲಿ ತಿರುಗ್ತಾ ಇದೆಯಲ್ಲ, ಆ ಬಸ್ಸಿನ ನಂಬರ್ ಓದು.”

ತಡವರಿಸದೆ ಓದಿದ. “ಕಂಡಕ್ಟರ್ ತೂಕಡಿಸ್ತಿದ್ದಾನೆ,” ಎಂದೂ ಸೇರಿಸಿದ.

“ಹದ್ದಿನ ಕಣ್ಣು! ನಿಂಗೆ ಬಂದಿರೋದು ಚಾಳೀಸು ಕಣೋ. ನಲವತ್ತು ದಾಟಿದ ಮೇಲೆ ಎಲ್ಲರ ಮನೆಗೂ ಬರೋ ನೆಂಟ. ಕರೀಬೇಕಾಗಿಲ್ಲ, ಬಂದ್ರೆ ಹೋಗೋದೂ ಇಲ್ಲ.” ತನ್ನ ಕನ್ನಡಕ ತೆಗೆದು ತಮ್ಮನ ಮೂಗಿಗೇರಿಸಿದಳು.

ನರ್ಸಮ್ಮ ತಟ್ಟನೆ ಎದುರಿಗೆ ಬಂದು ನಿಂತಳು. ಕೂದಲೆಳೆಯಷ್ಟು ತೆಳುವಾದ ನೆರಿಗೆ, ಅಂಗಿಯ ಗುಂಡಿ. ತುರುಬಿನ ಮೇಲೆ ಬೆಚ್ಚಿಬಿದ್ದಂತೆ ಅರಳಿದ ಎರಡು ಕಣ್ಣು.

“ಆದ್ರೂ ರೆಪ್ಪೆ ಚೆನ್ನಾಗಿ ಬಂದಿದೆ,” ಎಂದ.

“ಬಂದಿದೆ, ಬಂದಿದೆ! ನಾಳೆನೇ ಡಾಕ್ಟರ ಹತ್ರ ಹೋಗು. ಡಿಪೋಗೂ ನೀನೇ ಹೇಳು, ಮುಚ್ಚಿಟ್ಟಷ್ಟೂ ಭಯ ಜಾಸ್ತಿ. ಮತ್ತೆ ಆ ಬಿಳಿ ಡಬ್ಬಿ… ಏಯ್, ನನ್ನ ಕನ್ನಡಕ! ಸೂಜಿಗೆ ದಾರ ಪೋಣಿಸ್ಬೇಕು ಕಣೋ, ನಾನು—”

ಅವನು ಆಗಲೇ ಒಳಗೆ ಹೊರಟಿದ್ದ, ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ಕರಿ ಡಬ್ಬಿ ಹುಡುಕಲು.