ಹನ್ನೊಂದನೆಯ ಸಾಲು

ದೆವ್ವ, ಮುನ್ಸೂಚನೆ ಇವುಗಳ ಮಾತು ಬಂದರೆ ನಾನು ಎದ್ದು ಹೋಗುವ ಪೈಕಿ. ಇಪ್ಪತ್ತು ವರ್ಷ ಕಂಪ್ಯೂಟರುಗಳ ಜೊತೆ ಏಗಿದವನಿಗೆ, ಕಾರಣ ಸಿಗದ ಘಟನೆ ಎಂದರೆ ಸರಿಯಾಗಿ ಹುಡುಕದ ಘಟನೆ, ಅಷ್ಟೆ. ಹಾಗೆ ಹೇಳಿಕೊಂಡು ತಿರುಗುತ್ತಿದ್ದವನೇ ಈಗ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಮಾವಾಸ್ಯೆಯ ರಾತ್ರಿ ಎಂದೆಲ್ಲ ಎಣಿಸಬೇಡಿ. ಇದು ನಡೆದದ್ದು ಚೆನ್ನೈಯ ಗಿಂಡಿ ಬಡಾವಣೆಯ ಆಫೀಸಿನಲ್ಲಿ, ಭಾನುವಾರ ಮಧ್ಯಾಹ್ನ, ಹೋಟೆಲಿನ ಮೊಸರನ್ನ ತಿಂದಾದ ಮೇಲೆ.

ನಾನಿರುವುದು ಚೆನ್ನೈಯಲ್ಲಿ ಮೂರು ಶಾಖೆಗಳುಳ್ಳ ಒಂದು ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ. ರೋಗಿಗಳ ಫೈಲುಗಳು ಹಲವು ಸರ್ವರುಗಳಲ್ಲಿ ಹಂಚಿಕೊಂಡಿವೆ. ಯಾವ ಶಾಖೆಯಿಂದಾದರೂ ತೆರೆಯಬಹುದು. ಅವನ್ನು ಕಾಯುವ ಎನ್‌ಕ್ರಿಪ್ಷನ್ ಕೀ ಹಳತಾಗಿ ಬದಲಿಸಬೇಕಾಗಿತ್ತು. ಮನೆಮಂದಿ ಓಡಾಡುತ್ತಿರುವಾಗಲೇ ಬಾಗಿಲಿನ ಬೀಗ ಬದಲಿಸುವ ಕೆಲಸ ಅದು. ಮೊದಲು ಒಂದೊಂದು ಸರ್ವರ್‌ಗೂ ಹೊಸ ಕೀ ಕೊಡಬೇಕು. ಅಷ್ಟು ಹೊತ್ತು ಹಳೆಯದೇ ನಡೆಯುತ್ತಿರುತ್ತದೆ. ಎಲ್ಲಕ್ಕೂ ಕೊಟ್ಟಾದ ಮೇಲೆ, ಇನ್ನು ಹೊಸದೇ ನಡೆಯಲಿ ಎಂದು ಕೊನೆಯ ಒಂದು ಆಜ್ಞೆ. ಆಗ ಯಾವುದಾದರೂ ಸರ್ವರ್ ಬಿಟ್ಟುಹೋಗಿದ್ದರೆ ಅದರೊಳಗಿನ ಫೈಲು ಯಾರಿಗೂ ತೆರೆಯುವುದಿಲ್ಲ.

ಹಿಂದಿನ ವರ್ಷ ಬೇರೊಂದು ಬದಲಾವಣೆಯಲ್ಲಿ ನಾನು ಎಡವಿದ್ದೆ. ಅರ್ಧ ದಿನ ಫೈಲು ತೆರೆಯಲಿಲ್ಲ. ರೇಡಿಯೇಷನ್ನಿಗೆಂದು ದೂರದಿಂದ ಬಂದಿದ್ದ ಗಂಡಹೆಂಡಿರನ್ನು ನಾಲ್ಕು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಆಕೆ ಬೆಂಚಿನ ಮೇಲೆ ಹಾಸಿಕೊಂಡಿದ್ದ ದುಪ್ಪಟಿಯನ್ನು ಮಡಿಸುತ್ತಿದ್ದಳು. ತಪ್ಪು ಎದುರಿಗೆ ನಿಂತವನದೆಂದು ಆಕೆಗೆ ಗೊತ್ತಿರಲಿಲ್ಲ. ಆಮೇಲೆ ಅವರು ಬಂದರೋ ಇಲ್ಲವೋ ವಿಚಾರಿಸುವ ಧೈರ್ಯ ನನಗೆ ಬರಲೇ ಇಲ್ಲ. ಇನ್ನೊಂದು ಸಲ ಹಾಗಾಗಕೂಡದು ಎಂಬುದೊಂದೇ ಆ ಭಾನುವಾರ ನನ್ನ ತಲೆಯಲ್ಲಿದ್ದದ್ದು.

ಜೊತೆಗೆ ಶೇಷಾದ್ರಿ ಇದ್ದರು. ಅವರ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ಮನೆಮಾತು ಕನ್ನಡವೇ, ಆದರೆ ಅದರಲ್ಲಿ ಅರ್ಧ ತಮಿಳು. ನೆಟ್‌ವರ್ಕಿನಲ್ಲಿ ಓಗೊಟ್ಟ ಹತ್ತು ಸರ್ವರುಗಳ ಹೆಸರನ್ನು ನಾನು ಮೊದಲೇ ಒಂದು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದ್ದೆ. ಒಂದೊಂದಕ್ಕೂ ಕೀ ಕೊಟ್ಟು ಗುರುತು ಹಾಕುತ್ತ ಹತ್ತೂ ಮುಗಿಯುವಾಗ ಮೂರು ಗಂಟೆ. ವಾರದಿಂದ ಸರಿಯಾದ ನಿದ್ದೆಯಿಲ್ಲ, ಸೊಂಟ ಬಿದ್ದುಹೋಗಿತ್ತು. ಶೇಷಾದ್ರಿ ಕಾಫಿ ತರಲು ಕೆಳಗಿಳಿದರು. ಅವರು ಬಂದಮೇಲೆ ಕೊನೆಯ ಆಜ್ಞೆ ಕೊಟ್ಟರಾಯಿತೆಂದು ನಾನು ಕುರ್ಚಿಯಲ್ಲೇ ಕಣ್ಣು ಮುಚ್ಚಿದೆ. ಹತ್ತು ನಿಮಿಷವಿದ್ದೀತು.

ಕಣ್ಣು ಬಿಟ್ಟಾಗ ಪಟ್ಟಿಯಲ್ಲಿ ಹನ್ನೊಂದನೆಯ ಸಾಲೊಂದಿತ್ತು. ಕನ್ನಡದಲ್ಲಿ: ‘ತಾಂಬರಂ, ಹಿಂದಿನ ಕೋಣೆ.’ ಅಕ್ಷರ ನನ್ನದೇ.

ಇದನ್ನು ನೀವು ಬರೆದಿರಾ ಎಂದು ಕಾಫಿ ಹಿಡಿದು ಬಂದ ಶೇಷಾದ್ರಿಯವರನ್ನು ಕೇಳಿದೆ.

“ಕನ್ನಡ ನಂಗೆ ಓದಕ್ಕೇ ಬರಲ್ಲ ಸಾರ್, ಬರೆಯೋದೆಲ್ಲಿಂದ? ರೂಮಲ್ಲಿ ನೀವೊಬ್ರು ತಾನೇ ಇದ್ದಿದ್ದು. ತೂಕ್ಕದಲ್ಲಿ, ನಿದ್ದೆಗಣ್ಣಲ್ಲಿ, ನೀವೇ ಬರೆದಿರ್ತೀರಿ, ಬಿಡಿ. ಮುಗಿಸಿ ಮನೆಗೆ ಹೋಗೋಣ.”

ತಾಂಬರಂ ಶಾಖೆಗೆ ನಾನು ಕಾಲಿಟ್ಟವನಲ್ಲ. ನಮ್ಮ ದಾಖಲೆಯ ಪ್ರಕಾರ ಅಲ್ಲಿ ಸರ್ವರೇ ಇರಲಿಲ್ಲ. ಆದರೂ ಕೊನೆಯ ಆಜ್ಞೆ ಕೊಡಲು ಕೈ ಬರಲಿಲ್ಲ. ನಾಚಿಕೆಪಟ್ಟುಕೊಂಡೇ ಆ ಶಾಖೆಗೆ ಫೋನು ಮಾಡಿದೆ. ಡ್ಯೂಟಿಯಲ್ಲಿದ್ದ ಸೆಲ್ವಿ ಎಂಬ ಟೆಕ್ನಿಷಿಯನ್, ಹಿಂದೆ ಒಂದು ಕೋಣೆಯಿದೆ, ಹಳೆಯ ಎಕ್ಸ್‌ರೇ ಕವರುಗಳನ್ನು ತುಂಬಿದ್ದಾರೆ ಎಂದರು. ಒಂದು ಸಲ ನೋಡಿ ಬನ್ನಿ ಎಂದು ಬೇಡಿಕೊಂಡೆ. ಕವರುಗಳನ್ನೆಲ್ಲ ಸರಿಸಿ ನೋಡಿ ಬಂದು, ಮೂಲೆಯಲ್ಲಿ ಒಂದು ಪೆಟ್ಟಿಗೆ ದೀಪ ಮಿಣುಕಿಸುತ್ತ ಕೂತಿದೆ ಎಂದರು.

ಅದು ಸರ್ವರೇ. ನಾನು ಸೇರುವ ಮೊದಲೇ ಕೆಲಸ ಬಿಟ್ಟುಹೋದವರು ಯಾರೋ ಇಟ್ಟದ್ದು. ನಾನು ಪಟ್ಟಿ ಮಾಡಿದ ದಿನ ಅಲ್ಲಿ ಕರೆಂಟಿನ ಕೆಲಸ ನಡೆದು ಅದು ಆಫ್ ಆಗಿತ್ತಂತೆ. ಅದರೊಳಗಿದ್ದದ್ದು ಆ ಶಾಖೆಯ ರೋಗಿಗಳ ರೇಡಿಯೇಷನ್ ವಿವರ: ಯಾರಿಗೆ, ಮೈಯ ಯಾವ ಜಾಗಕ್ಕೆ, ಎಷ್ಟು ಹೊತ್ತು. ಮರುದಿನ ಬೆಳಿಗ್ಗೆ ಹದಿನಾಲ್ಕು ಮಂದಿಯ ಸರದಿಯಿತ್ತು.

ಅದಕ್ಕೂ ಕೀ ಕೊಟ್ಟ ಮೇಲೆ ಕೊನೆಯ ಆಜ್ಞೆ ಕೊಟ್ಟೆವು. ಸೋಮವಾರ ಯಾರಿಗೂ ಏನೂ ಗೊತ್ತಾಗಲಿಲ್ಲ. ಮಧ್ಯಾಹ್ನ ಸೆಲ್ವಿಯವರಿಗೆ ಫೋನು ಮಾಡಿದಾಗ ಹದಿನಾಲ್ಕು ಮಂದಿಯದೂ ಆಯಿತೆಂದರು. ಫೋನಿಟ್ಟು ಅತ್ತುಬಿಟ್ಟೆ.

ಎಂದೋ ಕಿವಿಗೆ ಬಿದ್ದ ಮಾತು ಮಂಪರಿನಲ್ಲಿ ಕೈಗೆ ಬಂದಿರಬೇಕು ಎನ್ನುತ್ತಾಳೆ ಹೆಂಡತಿ. ಇರಬಹುದು. ಆದರೆ ಆ ಕೋಣೆಯಲ್ಲಿ ಸರ್ವರ್ ಇದೆಯೆಂದು ನನಗೆ ಹೇಳಬಲ್ಲವರು ಯಾರೂ ಇರಲಿಲ್ಲ. ಕೆಲಸದ ಕಾಗದದ ಮೇಲೆ ನಾನು ಕನ್ನಡ ಬರೆದದ್ದೂ ಅದೊಂದೇ ಸಲ. ಎಷ್ಟು ಹುಡುಕಿದರೂ ಕಾರಣ ಸಿಕ್ಕಿಲ್ಲ, ಹುಡುಕಿ ಹುಡುಕಿ ಸಾಕಾಗಿದೆ.

ಆಮೇಲೆ ಎರಡು ಸಲ ಕೀ ಬದಲಿಸಿದ್ದೇನೆ. ಎರಡು ಸಲವೂ ಪಟ್ಟಿಯ ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟು, ಪೆನ್ನು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಟ್ಟಾಗ ಜಾಗ ಖಾಲಿಯಾಗಿಯೇ ಇತ್ತು. ಬಿಟ್ಟುಹೋದದ್ದು ಏನೂ ಇಲ್ಲವೋ, ಹೇಳುವವರು ಬರಲಿಲ್ಲವೋ ತಿಳಿಯದೆಯೇ ಕೊನೆಯ ಆಜ್ಞೆ ಕೊಟ್ಟೆ.